‘ಬ್ರದರ್, ನೀವು ಹೊಸದಾಗಿ ಹುಟ್ಟಿದ ತಾರೀಖು ಯಾವುದು?’

ಪ್ರಾರ್ಥನಾ ಕೂಟ ಮುಗಿದು ಚಹಾ ಬರುವ ಹೊತ್ತಿಗೆ ಯಾರಾದರೊಬ್ಬರು ಪಕ್ಕಕ್ಕೆ ಬಂದು ಕೂರುತ್ತಾರೆ. ಯಾವ ಚರ್ಚು, ಎಲ್ಲಿ ಕೆಲಸ, ಮಕ್ಕಳೆಷ್ಟು ಅಂತ ವಿಚಾರಿಸುತ್ತಾರೆ. ಆಮೇಲೆ ದನಿ ತಗ್ಗಿಸಿ ಕೇಳುತ್ತಾರೆ: ‘ಬ್ರದರ್, ನೀವು ಹೊಸದಾಗಿ ಹುಟ್ಟಿದ್ದು ಯಾವಾಗ?’ ಅವರಿಗೆ ಬೇಕಾಗಿರುವುದು ತಾರೀಖು. ‘ಗೊತ್ತಿಲ್ಲ’ ಅಂದರೆ ಮುಖ ಸಣ್ಣದಾಗುತ್ತದೆ. ನನಗಾಗಿ ಪ್ರಾರ್ಥನೆ ಮಾಡುವುದಾಗಿ ಹೇಳಿ, ಪಾಪ, ಎದ್ದು ಹೋಗುತ್ತಾರೆ.

ಕ್ರೈಸ್ತರಲ್ಲದ ಗೆಳೆಯರಿಗೆ ಈ ಪ್ರಶ್ನೆಯೇ ವಿಚಿತ್ರ. ‘ನಿಮ್ಮಲ್ಲೂ ಪುನರ್ಜನ್ಮ ಇದೆಯಾ?’ ಅನ್ನುತ್ತಾರೆ. ಸತ್ತ ಮೇಲೆ ಇನ್ನೊಂದು ದೇಹದಲ್ಲಿ ಹುಟ್ಟುವ ಮಾತಲ್ಲ ಇದು. ಇದೇ ಬದುಕಿನಲ್ಲಿ, ಇದೇ ಮೈಯಲ್ಲಿ ಇರುವಾಗಲೇ ದೇವರು ಒಳಗಿನ ಮನುಷ್ಯನನ್ನು ಹೊಸದಾಗಿ ಹುಟ್ಟಿಸುತ್ತಾನೆ ಅನ್ನುವ ನಂಬಿಕೆ.

ಮಾತಿನ ಮೂಲ ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಯೋಹಾನನ ಸುವಾರ್ತೆಯ 3ನೇ ಅಧ್ಯಾಯ. ನಿಕೊದೇಮ ಅನ್ನುವ ಫರಿಸಾಯ, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಗಡದವನು, ಚೆನ್ನಾಗಿ ಓದಿಕೊಂಡ ಹಿರಿಯ, ರಾತ್ರಿ ಹೊತ್ತು ಯೇಸುವಿನ ಹತ್ತಿರ ಬರುತ್ತಾನೆ. ಹೊಸದಾಗಿ ಹುಟ್ಟದವನು ದೇವರ ರಾಜ್ಯವನ್ನು ಕಾಣಲಾರ ಅಂತ ಯೇಸು ಹೇಳುತ್ತಾನೆ. ಮುದುಕನಾದವನು ಮತ್ತೆ ತಾಯಿಯ ಹೊಟ್ಟೆಯೊಳಗೆ ಹೋಗುವುದು ಹೇಗೆ ಅಂತ ನಿಕೊದೇಮ ಕೇಳುತ್ತಾನೆ. ನಗು ಬರುತ್ತದೆ, ಆದರೆ ತಪ್ಪು ಪೂರ್ತಿ ಅವನದಲ್ಲ. ಅಲ್ಲಿರುವ ಗ್ರೀಕ್ ಪದ ‘ಆನೋಥೆನ್’. ಅದಕ್ಕೆ ‘ಮತ್ತೆ’ ಅಂತಲೂ ಅರ್ಥ ಇದೆ, ‘ಮೇಲಿನಿಂದ’ ಅಂತಲೂ ಇದೆ. ಅವನು ‘ಮತ್ತೆ’ ಅನ್ನುವುದನ್ನಷ್ಟೇ ಹಿಡಿದುಕೊಂಡ. ಹಾಗಾಗಿ ‘ನಾನು ಇದನ್ನು ಹೇಗೆ ಮಾಡಲಿ’ ಅನ್ನುವ ಚಿಂತೆ ಹತ್ತಿತು. ನಮ್ಮಲ್ಲಿ ಬಹಳ ಜನ ಇನ್ನೂ ಅಲ್ಲೇ ನಿಂತಿದ್ದೇವೆ. ಹುಟ್ಟುವ ಕೂಸು ಏನು ಮಾಡುತ್ತದೆ ಹೇಳಿ? ಬೇನೆ ತಿನ್ನುವವಳು ತಾಯಿ.

ನಮ್ಮ ಅಪ್ಪನ ವಿಷಯ ಹೇಳಬೇಕು. ಗದಗದ ಕಡೆಯವರು. ಆಧಾರ್ ಕಾರ್ಡಿನಲ್ಲಿ, ಪೆನ್ಷನ್ ಪುಸ್ತಕದಲ್ಲಿ ಅವರ ಹುಟ್ಟಿದ ದಿನ ಜೂನ್ 1. ಅವರ ಓರಗೆಯ ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿದೆ. ಸಾಲಿಗೆ ಹಚ್ಚುವಾಗ ಮಾಸ್ತರರು ಬರೆದುಕೊಂಡ ತಾರೀಖು ಅದು. ಅಪ್ಪನನ್ನು ಕೇಳಿದರೆ, ‘ಜ್ವಾಳದ ಸುಗ್ಗ್ಯಾಗ ಹುಟ್ಟಿದಿ ಅಂತ ನಮ್ಮವ್ವ ಅಂತಿದ್ಲು’ ಅನ್ನುತ್ತಾರೆ. ಅಂದರೆ ಜೂನ್ ಅಂತೂ ಅಲ್ಲವೇ ಅಲ್ಲ. ಪ್ರತಿ ವರ್ಷ ಬ್ಯಾಂಕಿನಿಂದ ಶುಭಾಶಯದ ಮೆಸೇಜು ಬಂದಾಗ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಓದಿ ನಗುತ್ತಾರೆ. ‘ತಾರೀಖು ಬ್ಯಾಂಕಿನವರಿಗೆ ಬೇಕು. ನಾ ಹುಟ್ಟೀನಿ ಅನ್ನೂದಕ್ಕ ನಾ ಇಲ್ಲಿ ಕುಂತಿದ್ದು ಸಾಕಲ್ಲ?’

ಈ ಮಾತು ನನ್ನ ತಲೆಗೆ ಇಳಿಯಲು ವರ್ಷಗಳೇ ಬೇಕಾದವು. ಕಾಲೇಜಿನಲ್ಲಿದ್ದಾಗ ಪ್ರತಿ ಬೇಸಿಗೆ ಯುವಜನರ ಕ್ಯಾಂಪಿಗೆ ಹೋಗುತ್ತಿದ್ದೆ. ಕೊನೆಯ ರಾತ್ರಿ ಲೈಟು ಮಂದ ಮಾಡಿ, ಕೀಬೋರ್ಡು ಮೆಲ್ಲಗೆ ನುಡಿಸುತ್ತಾ, ‘ಯೇಸುವನ್ನು ಒಪ್ಪಿಕೊಳ್ಳುವವರು ಕೈ ಎತ್ತಿ’ ಅನ್ನುತ್ತಿದ್ದರು. ಮೂರು ವರ್ಷ, ಮೂರು ಸಲ ಎತ್ತಿದೆ. ಮೊದಲ ಸಲ ಕಣ್ಣೀರು ಬಂತು. ಎರಡನೇ ಸಲ ಬರಲಿಲ್ಲ, ಗಾಬರಿಯಾಯಿತು. ಮೂರನೇ ಸಲ ಪಕ್ಕದ ಹುಡುಗ ಎತ್ತಿದನಾ ಅಂತ ಓರೆಗಣ್ಣಲ್ಲಿ ನೋಡಿ ಎತ್ತಿದೆ. ನಂಬಿದೆನಾ, ಸಾಕಷ್ಟು ನಂಬಿದೆನಾ, ನಿಜವಾಗಿ ನಂಬಿದೆನಾ ಅಂತ ನನ್ನನ್ನೇ ನಾನು ಕೆದಕುತ್ತಿದ್ದೆ. ಆ ಮೂರು ವರ್ಷ ನನ್ನ ಕಣ್ಣು ಯೇಸುವಿನ ಮೇಲಿದ್ದದ್ದು ಕಡಿಮೆ, ನನ್ನ ನಂಬಿಕೆಯ ಮೇಲಿದ್ದದ್ದೇ ಜಾಸ್ತಿ.

ತಾರೀಖು ಇರುವವರ ಕಥೆಯೂ ನಾವು ಅಂದುಕೊಂಡಷ್ಟು ಸಲೀಸಲ್ಲ. ಮೆಥಡಿಸ್ಟ್ ಪಂಥಕ್ಕೆ ಬುನಾದಿ ಹಾಕಿದ ಇಂಗ್ಲೆಂಡಿನ ಜಾನ್ ವೆಸ್ಲಿಯದು ತುಂಬಾ ಪ್ರಸಿದ್ಧ ತಾರೀಖು: 1738ರ ಮೇ 24, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿ, ರಾತ್ರಿ ಸುಮಾರು 8:45. ಆ ಹೊತ್ತಿಗಾಗಲೇ ವೆಸ್ಲಿ ಪಾದ್ರಿ. ಅಮೆರಿಕದ ಜಾರ್ಜಿಯಾಕ್ಕೆ ಮಿಷನರಿಯಾಗಿ ಹೋಗಿ ಸೋತು ವಾಪಸ್ ಬಂದಿದ್ದರು. ಆ ಸಂಜೆ ಮನಸ್ಸಿಲ್ಲದ ಮನಸ್ಸಿನಿಂದ ಕೂಟಕ್ಕೆ ಹೋದರು. ಅಲ್ಲಿ ಬೈಬಲಿನಲ್ಲಿರುವ, ರೋಮಾಪುರದವರಿಗೆ ಪೌಲ ಬರೆದ ಪತ್ರಕ್ಕೆ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದರು. ಕೇಳುತ್ತಾ ಕೇಳುತ್ತಾ ವೆಸ್ಲಿಯ ಎದೆ ಬೆಚ್ಚಗಾಯಿತು. ಚರ್ಚಿನ ಪ್ರಸಂಗಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಆದರೆ 1739ರ ಜನವರಿಯಲ್ಲಿ ಅದೇ ವೆಸ್ಲಿ ತಮ್ಮ ದಿನಚರಿಯಲ್ಲಿ, ತಾನು ಈಗಲೂ ಕ್ರೈಸ್ತನಲ್ಲ ಅಂತ ಬರೆದುಕೊಂಡರು! ಎಂಟು ತಿಂಗಳೂ ತುಂಬಿರಲಿಲ್ಲ. ಇನ್ನು ಲೂಥರ್? ಅದೇ ಪತ್ರದ ‘ದೇವರ ನೀತಿ’ ಅನ್ನುವ ಮಾತು ತನಗೆ ಹೇಗೆ ಬಿಡಿಸಿಕೊಂಡಿತು ಅಂತ 1545ರಲ್ಲಿ, ಸಾಯುವ ಹಿಂದಿನ ವರ್ಷ, ನೆನಪು ಮಾಡಿಕೊಂಡು ಬರೆದರು. ಅದು ಯಾವ ವರ್ಷ ನಡೆದದ್ದು ಅಂತ ವಿದ್ವಾಂಸರು ಇಂದಿಗೂ ಜಗಳವಾಡುತ್ತಾರೆ.

ನನ್ನನ್ನು ಆ ಕೆದಕಾಟದಿಂದ ಬಿಡಿಸಿದ್ದು ಹಾವಿನ ಕಥೆ. ನಿಕೊದೇಮನ ಜೊತೆ ಮಾತಾಡುತ್ತಲೇ ಯೇಸು ಅದನ್ನು ಎತ್ತುತ್ತಾನೆ. ಬೈಬಲಿನ ಅರಣ್ಯಕಾಂಡ ಅನ್ನುವ ಪುಸ್ತಕದ 21ನೇ ಅಧ್ಯಾಯದಲ್ಲಿದೆ. ಮರುಭೂಮಿಯಲ್ಲಿ ಗೊಣಗಿದ ಇಸ್ರಾಯೇಲ್ಯರನ್ನು ಹಾವುಗಳು ಕಚ್ಚುತ್ತವೆ. ಹಾವುಗಳನ್ನು ತೊಲಗಿಸು ಅಂತ ಜನ ಬೇಡುತ್ತಾರೆ. ದೇವರು ಅವರ ನಾಯಕ ಮೋಶೆಗೆ ತಾಮ್ರದ ಸರ್ಪ ಮಾಡಿ ಕಂಬಕ್ಕೆ ಏರಿಸಲು ಹೇಳುತ್ತಾನೆ. ಕಚ್ಚಿಸಿಕೊಂಡವನು ಅದನ್ನು ನೋಡಿದರೆ ಬದುಕುತ್ತಾನೆ. ಅಷ್ಟೇ. ಔಷಧ ಅರೆಯುವುದಿಲ್ಲ, ಗಾಯ ತೊಳೆಯುವುದಿಲ್ಲ. ವಿಷ ಏರುತ್ತಿರುವವನು, ಡೇರೆಯ ಬಾಗಿಲಲ್ಲಿ ಬಿದ್ದುಕೊಂಡವನು, ಕತ್ತೆತ್ತಿದರೆ ಸಾಕು. ಅವನು ‘ನನ್ನ ನೋಟ ಸರಿಯಾಗಿದೆಯಾ’ ಅಂತ ತನ್ನ ಕಣ್ಣನ್ನೇ ನೋಡಿಕೊಳ್ಳುತ್ತಾ ಕೂರುವುದಿಲ್ಲ, ಅಲ್ವಾ? ‘ಮನುಷ್ಯಕುಮಾರ’ನೂ, ಅಂದರೆ ತಾನೂ, ಹಾಗೆಯೇ ಎತ್ತಲ್ಪಡಬೇಕು ಅಂತ ಯೇಸು ಹೇಳಿದ್ದು ಶಿಲುಬೆಯನ್ನು ನೆನೆದು. ನಂಬುವುದು ಅಂದರೆ ಆ ಕಡೆ ಕತ್ತು ತಿರುಗಿಸುವುದು. ಆಗಬೇಕಾದ ಕೆಲಸ ಶಿಲುಬೆಯ ಮೇಲೆ ಆಗಿದೆ.

ಆ ಹಾವಿನ ಮುಂದಿನ ಕಥೆ ಕಡಿಮೆ ಜನರಿಗೆ ಗೊತ್ತು. ಜೀವ ಉಳಿಸಿದ್ದು ಅಂತ ಅದನ್ನು ಜೋಪಾನ ಮಾಡಿಕೊಂಡರು. ಎಷ್ಟೋ ತಲೆಮಾರುಗಳಾದ ಮೇಲೆ ಅದಕ್ಕೇ ಧೂಪ ಹಾಕುತ್ತಾ ಕೂತರು. ಕೊನೆಗೆ ಅರಸ ಹಿಜ್ಕೀಯ ಅದನ್ನು ಒಡೆದು ಹಾಕಿಸಿದ. ಅರಸುಗಳ ಎರಡನೇ ಪುಸ್ತಕ, 18ನೇ ಅಧ್ಯಾಯ. ತಾವು ಹೇಗೆ ಹೊಸದಾಗಿ ಹುಟ್ಟಿದೆವು ಅಂತ ಜನ ಹೇಳುವ ಕೆಲವು ‘ಸಾಕ್ಷಿ’ಗಳನ್ನು ಕೇಳುವಾಗ ನನಗೆ ಹಿಜ್ಕೀಯ ನೆನಪಾಗುತ್ತಾನೆ. ತಾರೀಖು, ಊರು, ಕ್ಯಾಂಪು, ಕಣ್ಣೀರು ಎಲ್ಲಾ ಇರುತ್ತದೆ. ಯೇಸು ಮಾತ್ರ ಕೊನೆಯ ಸಾಲಿನಲ್ಲಿ ಬಂದು ಹೋಗುತ್ತಾನೆ. ಎಲ್ಲರದೂ ಹಾಗಿರುತ್ತದೆ ಅನ್ನುವುದಿಲ್ಲ. ಒಂದೇ ರಾತ್ರಿಯಲ್ಲಿ ಕುಡಿತ ಬಿಟ್ಟು ಎದ್ದವರನ್ನು ಹತ್ತಿರದಿಂದ ಕಂಡಿದ್ದೇನೆ. ಅವರ ತಾರೀಖಿಗೆ ನಾನು ಕೈ ಮುಗಿಯುತ್ತೇನೆ.

‘ಹಾಗಾದರೆ ನಾವು ಏನೂ ಮಾಡದೆ ಸುಮ್ನೆ ಕೂತರೆ ಸಾಕಾ?’ ಇದು ಎರಡನೇ ಕಪ್ ಚಹಾದ ಪ್ರಶ್ನೆ. ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ, ಕ್ರಿಯೆಗಳಿಂದಲ್ಲ ಅಂತ ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿದೆ. 8, 9ನೇ ವಚನ ಎಲ್ಲರಿಗೂ ಬಾಯಿಪಾಠ. ಅದರ ಬೆನ್ನಿಗೇ 10ನೇ ವಚನ ಬರುತ್ತದೆ: ಒಳ್ಳೆಯ ಕೆಲಸಗಳಿಗಾಗಿಯೇ ನಮ್ಮನ್ನು ಸೃಷ್ಟಿಸಿದ್ದಾನಂತೆ. ಹುಟ್ಟಿದ ಕೂಸು ಅಳುತ್ತದೆ, ಹಾಲು ಕುಡಿಯುತ್ತದೆ, ಬೆಳೆಯುತ್ತದೆ. ಹುಟ್ಟುವುದಕ್ಕೋಸ್ಕರ ಅತ್ತ ಕೂಸಿಲ್ಲ.

ನಿಕೊದೇಮನನ್ನೇ ನೋಡಿ. ಯೋಹಾನನ ಸುವಾರ್ತೆಯ 3ನೇ ಅಧ್ಯಾಯದಲ್ಲಿ ‘ಇದು ಹೇಗೆ ಆದೀತು’ ಅಂತ ಕೇಳಿ ಮಾಯವಾಗುತ್ತಾನೆ. 7ನೇ ಅಧ್ಯಾಯದಲ್ಲಿ, ವಿಚಾರಣೆ ಮಾಡದೆ ಒಬ್ಬನನ್ನು ಅಪರಾಧಿ ಅನ್ನಬಹುದೇ ಅಂತ ಯೇಸುವಿನ ಪರವಾಗಿ ಯೆಹೂದಿ ಮುಖಂಡರ ಮುಂದೆ ಒಂದು ಮಾತು ಆಡಿ ಬೈಸಿಕೊಳ್ಳುತ್ತಾನೆ. ಮತ್ತೆ ಕಾಣಿಸುವುದು 19ರಲ್ಲಿ. ಯೇಸುವಿನ ಶವವನ್ನು ಶಿಲುಬೆಯಿಂದ ಇಳಿಸಿದ್ದಾರೆ. ಶಿಷ್ಯರಲ್ಲಿ ಹೆಚ್ಚಿನವರು ಅತ್ತ ಸುಳಿದಿಲ್ಲ. ರಾತ್ರಿ ಕದ್ದು ಬಂದಿದ್ದ ಈ ಹಿರಿಯ, ಇನ್ನೂ ಕತ್ತಲಾಗುವ ಮೊದಲೇ, ಮೂವತ್ತು ಕಿಲೋಗೂ ಜಾಸ್ತಿ ರಕ್ತಬೋಳ, ಅಗರು ಹೊರಿಸಿಕೊಂಡು ಬರುತ್ತಾನೆ. ಅರಿಮಥಾಯದ ಯೋಸೇಫನ ಜೊತೆ ಬಗ್ಗಿ, ಆ ಮೈಗೆ ನಾರುಬಟ್ಟೆ ಸುತ್ತುತ್ತಾನೆ. ಇವನು ಹೊಸದಾಗಿ ಹುಟ್ಟಿದ್ದು ಯಾವತ್ತು ಅಂತ ಯೋಹಾನ ಎಲ್ಲಿಯೂ ಬರೆದಿಲ್ಲ.