ಅವರೆ ಹೂ ಬಿಡದ ಊರಲ್ಲಿ

ಅವರೆ ಹೂ ಬಿಡಲಿಲ್ಲ ಅಂತ ಹೋದ ಅಕ್ಟೋಬರಿನಲ್ಲಿ ನನ್ನ ಮಗಳು ಅತ್ತಳು. ಒಂಬತ್ತು ವರ್ಷದ ಹುಡುಗಿ. ಸ್ಕೂಲಿನ ತೋಟದಲ್ಲಿ ಕೋಲಿಗೆ ಹಬ್ಬಿಸಿದ್ದ ಬಳ್ಳಿ ಒಂದೇ ರಾತ್ರಿಯ ಹಿಮಕ್ಕೆ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದಿತ್ತು. ಹಿಂದಿನ ವಾರವಷ್ಟೇ ಅದರಲ್ಲಿ ಮೊದಲ ಮೊಗ್ಗು ಕಂಡಿತ್ತು.

ಆ ಕಥೆ ಹಾಸನದ ಹತ್ತಿರ ನಮ್ಮೂರಿನ ಲೈಟ್ ಕಂಬದ ಬುಡಕ್ಕೆ ಹೋಗಿ ನಿಂತಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾವಿರುವುದು ಜರ್ಮನಿಯ ಥುರಿಂಗಿಯಾ ರಾಜ್ಯದ ಯೇನಾ ಊರಲ್ಲಿ. ಇಲ್ಲಿ ಪ್ರೈಮರಿ ಮಕ್ಕಳಿಗೆ ಗಣಿತ, ಭಾಷೆ ಇರುವ ಹಾಗೇ 'ಶೂಲ್‌ಗಾರ್ಟನ್' ಅಂತ ಒಂದು ವಿಷಯ ಇದೆ. ಶಾಲೆಯ ತೋಟ ಅಂತ ಅರ್ಥ. ಪೂರ್ವ ಜರ್ಮನಿ ಬೇರೆ ದೇಶವಾಗಿದ್ದಾಗ ಅಲ್ಲಿನ ಶಾಲೆಗಳಲ್ಲಿ ಇದ್ದ ವಿಷಯ. 1990ರಲ್ಲಿ ದೇಶ ಒಂದಾದ ಮೇಲೆ ಬಹುಪಾಲು ರಾಜ್ಯಗಳು ಕೈಬಿಟ್ಟವು, ಈ ರಾಜ್ಯ ಉಳಿಸಿಕೊಂಡಿತು. ಮಗಳ ಟೈಮ್‌ಟೇಬಲ್‌ನಲ್ಲಿ ಮೊದಲ ಸಲ ಅದನ್ನು ನೋಡಿದಾಗ ನಾನು ಆಟದ ಪಿರಿಯಡ್ ಇರಬೇಕು ಅಂದುಕೊಂಡಿದ್ದೆ.

ಈ ಸೀಮೆಗೆ ತೋಟದ ಹುಚ್ಚು ಹಳೆಯದು. ಚಿಕ್ಕ ಮಕ್ಕಳಿಗೆ ಆಟ, ಹಾಡು, ತೋಟಗೆಲಸದಲ್ಲೇ ಪಾಠ ಹೇಳಬೇಕು ಎಂದು 1837ರಲ್ಲಿ ಫ್ರೋಬೆಲ್ ಶುರುಮಾಡಿದ ಸಂಸ್ಥೆ ಇದೇ ಥುರಿಂಗಿಯಾದ ಬಾಡ್ ಬ್ಲಾಂಕನ್‌ಬುರ್ಗ್‌ನಲ್ಲಿತ್ತು. 1840ರಲ್ಲಿ ಅದಕ್ಕೆ 'ಕಿಂಡರ್‌ಗಾರ್ಟನ್' ಅಂತ ಹೆಸರಿಟ್ಟ. ಅವನ ತೋಟದಲ್ಲಿ ಒಂದೊಂದು ಮಗುವಿಗೂ ಒಂದೊಂದು ಪುಟ್ಟ ಮಡಿ ಇರಬೇಕಿತ್ತು. ಹಾಸನದ ಬೀದಿಬೀದಿಯಲ್ಲಿ ಎಲ್‌ಕೆಜಿ, ಯುಕೆಜಿ ಬೋರ್ಡುಗಳಿವೆಯಲ್ಲ, ಅದರಲ್ಲಿನ 'ಜಿ' ಇದೇ ತೋಟ. ಒಳಗೆ ಹೋದರೆ ಕಾಣುವುದು ಟೈಲ್ಸು ಮಾತ್ರ, ಅದು ಬೇರೆ ಮಾತು.

ನಾನು ಓದಿದ ಶಾಲೆಯಲ್ಲೂ ಕೈತೋಟ ಇತ್ತು. ನುಗ್ಗೆ, ಪರಂಗಿ, ಒಂದು ಸಾಲು ಬದನೆ. ಅಲ್ಲಿಗೆ ಹೋಗುತ್ತಿದ್ದವರು ತಡವಾಗಿ ಬಂದವರು ಮತ್ತು ಹೋಂವರ್ಕ್ ಮಾಡದವರು. ಬಕೆಟ್ ಹಿಡಿದು ಬೋರ್‌ವೆಲ್ಲಿಂದ ನೀರು ಹೊರುವುದೇ ಶಿಕ್ಷೆ. ವಿಜ್ಞಾನ ಮಾತ್ರ ಗೋಡೆಯ ಈಚೆ, ಕ್ಲಾಸಿನೊಳಗೆ. 'ದ್ವಿದಳ ಧಾನ್ಯದ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಇರುತ್ತದೆ' ಎಂದು ಬಾಯಿಪಾಠ ಮಾಡಿ ಎರಡು ಅಂಕ ತೆಗೆದುಕೊಂಡ ನಾನು ಆ ಗಂಟನ್ನು ಕಣ್ಣಲ್ಲಿ ನೋಡಿದ್ದು ಮೂವತ್ತಾರನೇ ವಯಸ್ಸಿನಲ್ಲಿ, ಮಗಳ ಅಂಗೈ ಮೇಲೆ. ಬಟಾಣಿ ಗಿಡ ಕಿತ್ತು ತಂದಿದ್ದಳು. ರಾಗಿ ಕಾಳಿಗಿಂತ ಸ್ವಲ್ಪ ದೊಡ್ಡ ಗಂಟು. ಉಗುರಿನಿಂದ ಸೀಳಿದರೆ ಒಳಗೆ ತಿಳಿ ಗುಲಾಬಿ ಬಣ್ಣ. ಗುಲಾಬಿ ಇದ್ದರೆ ಒಳಗಿನ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರ ಮಾಡಿಕೊಡುತ್ತಿದೆ ಅಂತ ಲೆಕ್ಕವಂತೆ. ಇಷ್ಟು ವರ್ಷ ಅಪ್ಪನ ಹೊಲದಲ್ಲಿ ನಾನು ಎಷ್ಟು ಅವರೆ, ಅಲಸಂದೆ ಗಿಡ ಕಿತ್ತಿಲ್ಲ! ಬೇರು ತಿರುಗಿಸಿ ನೋಡು ಅಂತ ಯಾರೂ ಹೇಳಿರಲಿಲ್ಲ, ನಾನೂ ನೋಡಲಿಲ್ಲ.

ಹೋದ ವರ್ಷ ಟೀಚರ್ ಒಂದು ಮಡಿಯನ್ನು 'ಮನೆಯವರ ಊರಿನ ಗಿಡ'ಕ್ಕೆ ಬಿಟ್ಟುಕೊಟ್ಟರು. ಸಿರಿಯಾದ ಹುಡುಗ ಸೌತೆ ಹಾಕಿದ. ನಾನು ಅವರೆ ಅಂದೆ. ಊರಿಂದ ಬೀಜ ತರುವ ಹಾಗಿಲ್ಲ, ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಬೇಕು. ಕೊನೆಗೆ ಲೈಪ್‌ಜಿಗ್‌ನ ಇಂಡಿಯನ್ ಅಂಗಡಿಯಲ್ಲಿ 'ವಾಲ್' ಅಂತ ಬರೆದ ಪ್ಯಾಕೆಟ್ ಸಿಕ್ಕಿತು. ಗುಜರಾತಿನವರ ವಾಲ್ ನಮ್ಮ ಅವರೆಯೇ. ಅಡುಗೆಗೆಂದು ಮಾರುವ ಕಾಳು, ಹುಟ್ಟುತ್ತದೋ ಇಲ್ಲವೋ ಅಂತ ಅನುಮಾನ. ರಾತ್ರಿಯಿಡೀ ನೆನೆಸಿ ಹತ್ತು ಹಾಕಿದೆವು. ಏಳು ಹುಟ್ಟಿದವು.

ಬಿತ್ತುವ ಮೊದಲು ನನಗೂ ಟೀಚರ್‌ಗೂ ಸಣ್ಣ ಜಗ್ಗಾಟ. ಏಪ್ರಿಲ್ ಕೊನೆಗೇ ಬಿಸಿಲು ಚೆನ್ನಾಗಿತ್ತು, ಹಾಕಿಬಿಡೋಣ ಅಂತ ನಾನು. ಮೇ 15 ಕಳೆಯಲಿ ಅಂತ ಅವರು. ಮೇ 11ರಿಂದ 15ರವರೆಗೆ ಇಲ್ಲಿನವರು 'ಹಿಮದ ಸಂತರ' ದಿನಗಳು ಅನ್ನುತ್ತಾರೆ. ಕೊನೆಯವಳು 'ಚಳಿ ಸೋಫಿ'. ಅವಳು ಹೋದ ಮೇಲೆಯೇ ಬೀನ್ಸು, ಟೊಮೆಟೊ ಎಲ್ಲ ಬಯಲಿಗೆ. ಫೋನಿನಲ್ಲಿ ಹೇಳಿದಾಗ ಅಪ್ಪ ನಕ್ಕರು. "ನಮ್ಗೂ ಅವತ್ತೇ ಕಣವ್ವ ಭರಣಿ ಮುಗ್ದು ಕೃತ್ತಿಕೆ ಹುಟ್ಟೋದು" ಅಂದರು. ಕ್ಯಾಲೆಂಡರ್ ತೆಗೆದು ನೋಡಿದೆ. ಹೌದು, ಹೆಚ್ಚುಕಮ್ಮಿ ಮೇ 11! ಅಲ್ಲಿ ಮಳೆ ಎಣಿಸುತ್ತಾರೆ, ಇಲ್ಲಿ ಹಿಮ ಎಣಿಸುತ್ತಾರೆ.

ಬಳ್ಳಿ ಬೆಳೆಯಿತು ನೋಡಿ. ಪ್ರತಿ ಬುಧವಾರ ಮಕ್ಕಳು ಟೇಪು ಹಿಡಿದು ಅಳೆಯುತ್ತಿದ್ದರು. ಆಗಸ್ಟ್ ಕೊನೆಗೆ 2 ಮೀಟರ್ 40 ಸೆಂಟಿಮೀಟರ್. ಕೋಲು ಮುಗಿದು ಪಕ್ಕದ ಸೌತೆಯ ಮೇಲೆ ಹತ್ತಿತು, ಸಿರಿಯಾದ ಹುಡುಗ ಜಗಳಕ್ಕೆ ಬಂದ. ಎಲೆ ಅಂದರೆ ಎಲೆ. ಹೂ ಒಂದೂ ಇಲ್ಲ. ಮಕ್ಕಳ ಪುಸ್ತಕದಲ್ಲಿ 'ಹೂ' ಅನ್ನುವ ಕಾಲಮ್ಮಿನಲ್ಲಿ ಉದ್ದಕ್ಕೂ ಸೊನ್ನೆ.

ನಾನು ಗೊಬ್ಬರ ಜಾಸ್ತಿಯಾಯ್ತು ಅಂದೆ. ಟೀಚರ್ ನೀರು ಜಾಸ್ತಿ ಅಂದರು. ಮಗಳು ಸೀದಾ ತಾತನಿಗೆ ವಿಡಿಯೋ ಕಾಲ್ ಮಾಡಿದಳು.

"ಅಲ್ಲ ಕಣವ್ವ, ಬ್ಯಾಸ್ಗೇಲಿ ಅವರೆ ಹೂ ಕೇಳ್ತೀಯಲ್ಲ! ಆಷಾಢದಲ್ಲಿ ಹಾಕಿದ್ರೂ ಅಷ್ಟೇ, ಶ್ರಾವಣದಲ್ಲಿ ಹಾಕಿದ್ರೂ ಅಷ್ಟೇ, ಅದು ಹೂ ಬಿಡೋದು ಮಾಗಿ ಚಳಿಗೇಯ."

ತಿಂಗಳು ಹಿಂದೆಮುಂದೆ ಬಿತ್ತಿದರೂ ಒಟ್ಟಿಗೇ ಹೂ. ಈ ಮಾತನ್ನು ಮಗಳು ಜರ್ಮನ್‌ನಲ್ಲಿ ಬರೆದುಕೊಂಡು ಹೋಗಿ ಓದಿದಳು. ಟೀಚರ್ ಒಂದು ನಿಮಿಷ ಸುಮ್ಮನಿದ್ದು, ನಾಳೆ ಹೇಳ್ತೀನಿ ಅಂದರಂತೆ. ಮರುದಿನ ಅವರು ಹೇಳಿದ ಕಥೆ ಇದು. ಅಮೆರಿಕದ ಕೃಷಿ ಇಲಾಖೆಯಲ್ಲಿ ಗಾರ್ನರ್, ಅಲಾರ್ಡ್ ಅಂತ ಇಬ್ಬರಿದ್ದರು. ಅವರಿಗೂ ಇದೇ ತಲೆನೋವು. ಸೋಯಾಬೀನನ್ನು ಬೇರೆಬೇರೆ ದಿನ ಬಿತ್ತಿದರೂ ಹೂ ಮಾತ್ರ ಒಂದೇ ಹೊತ್ತಿಗೆ. ಒಂದು ಜಾತಿಯ ಹೊಗೆಸೊಪ್ಪಂತೂ ಬೇಸಿಗೆಯಿಡೀ ಎಲೆ ಬಿಡುತ್ತಲೇ ಇತ್ತು. ಸಂಜೆಗೆ ಮೊದಲೇ ಕುಂಡಗಳನ್ನು ಕತ್ತಲೆ ಗೂಡಿಗೆ ಸೇರಿಸಿ ಹಗಲನ್ನು ಗಿಡ್ಡ ಮಾಡಿ ನೋಡಿದರು. ಹೂ ಬಂತು. ಅದನ್ನು 1920ರಲ್ಲಿ ಪ್ರಕಟಿಸಿದರು. ಗಿಡ ಹಗಲು ರಾತ್ರಿಯ ಉದ್ದ ಗುರುತಿಸುತ್ತದೆ ಅಂತ ಲೋಕಕ್ಕೆ ಗೊತ್ತಾಗಿದ್ದು ಹಾಗೆ.

ಲೆಕ್ಕ ಹಾಕಿದೆವು. ಹಾಸನದಲ್ಲಿ ಅತಿ ದೊಡ್ಡ ಹಗಲು 13 ಗಂಟೆಗೆ ಸ್ವಲ್ಪ ಕಮ್ಮಿ, ಅತಿ ಚಿಕ್ಕದು 11 ಗಂಟೆ 20 ನಿಮಿಷದ ಸುಮಾರು. ಬರೀ ಒಂದೂವರೆ ಗಂಟೆ ವ್ಯತ್ಯಾಸ. ನಮಗೆ ಗೊತ್ತೂ ಆಗುವುದಿಲ್ಲ, ಅವರೆಗೆ ಗೊತ್ತಾಗುತ್ತದೆ. ಯೇನಾದಲ್ಲಿ ಜೂನ್ ಹಗಲು 16 ಗಂಟೆ ದಾಟುತ್ತದೆ. ಹನ್ನೆರಡಕ್ಕೆ ಇಳಿಯಬೇಕಾದರೆ ಸೆಪ್ಟೆಂಬರ್ ಕೊನೆ ಬರಬೇಕು. ಅಷ್ಟರಲ್ಲಿ ಹಿಮ ಬಾಗಿಲಲ್ಲಿರುತ್ತದೆ. ಪಾಪ ಬಳ್ಳಿ ಏನು ಮಾಡೀತು?

ಮಕ್ಕಳೂ ಸೆಪ್ಟೆಂಬರ್ ಮೊದಲ ವಾರ ಎರಡು ಕುಂಡ ಇಟ್ಟರು, ಕ್ಲಾಸಿನ ಕಿಟಕಿಯಲ್ಲಿ. ಒಂದಕ್ಕೆ ಸಂಜೆ ನಾಲ್ಕರಿಂದ ಬೆಳಿಗ್ಗೆ ಎಂಟರವರೆಗೆ ರಟ್ಟಿನ ಡಬ್ಬ. ಇನ್ನೊಂದಕ್ಕೆ ಏನೂ ಇಲ್ಲ, ಮೇಲಾಗಿ ಸಂಜೆಯೆಲ್ಲ ಟ್ಯೂಬ್‌ಲೈಟ್. ಶನಿವಾರ ಭಾನುವಾರ ಎರಡೂ ಕುಂಡ ನಮ್ಮ ಮನೆಗೆ. ಒಂದು ಭಾನುವಾರ ಡಬ್ಬ ಮುಚ್ಚಲು ಮರೆತು ರಾತ್ರಿ ಹತ್ತಕ್ಕೆ ಓಡಿದ್ದು ನಾನೇ. ಮಗಳು ಅದನ್ನೂ ಪುಸ್ತಕದಲ್ಲಿ ಬರೆದಳು: 'ಅಮ್ಮ ಮರೆತಳು, 6 ಗಂಟೆ.' ಐದು ವಾರಕ್ಕೆ ಡಬ್ಬದ ಗಿಡದಲ್ಲಿ ನೇರಳೆ ಮೊಗ್ಗಿನ ಗೊಂಚಲು! ಇನ್ನೊಂದು ಎಲೆಯಲ್ಲೇ ಇತ್ತು. ಕೊನೆಗೆ ಡಬ್ಬದ ಗಿಡ ನಾಲ್ಕು ಕಾಯಿ ಬಿಟ್ಟಿತು. ಬೇಯಿಸದ ಬೀನ್ಸ್ ವಿಷ ಅಂತ ಇಲ್ಲಿನ ಮಕ್ಕಳಿಗೆ ಮೊದಲೇ ಕಲಿಸಿರುತ್ತಾರೆ, ಯಾರೂ ಬಾಯಿಗಿಡಲಿಲ್ಲ. ಅಮ್ಮನಿಗೆ ಫೋಟೋ ಕಳಿಸಿದರೆ, "ನಾಕ್ ಕಾಯಲ್ಲಿ ಯಾರಿಗೆ ಸಾರು?" ಅಂದರು.

ಡಿಸೆಂಬರ್ ರಜೆಗೆ ಊರಿಗೆ ಬಂದೆವು. ಹಾಸನದಿಂದ ಅರಸೀಕೆರೆ ಕಡೆಗೆ, ದುದ್ದದ ಹತ್ತಿರ. ರಾಗಿ ಕೊಯ್ದಾಗಿತ್ತು. ಕೂಳೆಯ ನಡುವೆ ಅಕ್ಕಡಿ ಸಾಲಿನ ಅವರೆ ಮಾತ್ರ ನಿಂತಿತ್ತು. ಬೆಳಿಗ್ಗೆ ಇಬ್ಬನಿಯಲ್ಲಿ ಹೊಲಕ್ಕೆ ಕಾಲಿಟ್ಟರೆ ಸೊಗಡು ಮೂಗಿಗೆ ಹೊಡೆಯುತ್ತದೆ. ಕೈಗೆ ಜಿಗುಟು ಎಣ್ಣೆ. ಈಗ ವರ್ಷವಿಡೀ ಸಿಗುವ ಹೆಬ್ಬಾಳದ ತಳಿಗಳೂ ಬಂದಿವೆ, ಅವಕ್ಕೆ ಹಗಲಿನ ಲೆಕ್ಕ ಬೇಕಿಲ್ಲ. ಆದರೆ ಧನುರ್ಮಾಸದ ಈ ವಾಸನೆ ಅದಕ್ಕೆಲ್ಲಿ ಬರಬೇಕು?

ಮಗಳು ತನ್ನ ಪುಸ್ತಕ ತೆರೆದು ಹೊಲದ ಬದುವಿನ ಮೇಲೇ ಹೇಳಿದಳು. "ತಾತ, ಚಳಿ ಅಲ್ಲ. ರಾತ್ರಿ."

ಅಪ್ಪ ಬೀಡಿ ಆರಿಸಿ ಕೇಳಿಸಿಕೊಂಡರು. "ಚಳಿ ಬೀಳೋದೂ ರಾತ್ರಿ ದೊಡ್ದಾಗೋದೂ ಒಟ್ಟಿಗೇ ಬತ್ತವಲ್ಲವ್ವ. ಬೇರೆ ಮಾಡೋದು ಹೆಂಗೆ?"

"ಡಬ್ಬ ತಾತ! ಕ್ಲಾಸಲ್ಲಿ ಹೀಟರ್ ಇತ್ತು. ಬೆಚ್ಚಗಿತ್ತು. ಆದ್ರೂ ಹೂ ಬಂತು."

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು, ಬಾ ಅಂತ ರಸ್ತೆ ಬದಿಗೆ ಕರೆದುಕೊಂಡು ಹೋದರು. ಅಲ್ಲಿ ಬೀದಿ ದೀಪದ ಕಂಬ. ಹಳೆಯ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಬಲ್ಬ್ ಹಾಕಿದ್ದಾರೆ. ಆರಿಸುವವರು ಯಾರೂ ಇಲ್ಲ, ಹಗಲೂ ಉರಿಯುತ್ತದೆ. ಕಂಬದ ಬುಡದ ಅವರೆ ದಟ್ಟ ಹಸಿರು, ಸೊಂಟದವರೆಗೆ ಎಲೆ, ಒಂದು ಹೂವಿಲ್ಲ. ಅದೇ ಸಾಲಿನ ಆಚೆ ತುದಿ ಕಾಯಿ ಭಾರಕ್ಕೆ ಬಾಗಿದೆ.

"ಎರಡ್ ವರ್ಷದಿಂದ ನೋಡ್ತಿವ್ನಿ. ಬೀಜ ಕೆಟ್ಟದ್ದು ಅಂದ್ಕೊಂಡಿದ್ದೆ."

ಅಣ್ಣನ ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸು. ಅವಳು ಹೋಗಿ ಹೇಳಿದ್ದೇ ತಡ, ಮರುದಿನ ಮೇಷ್ಟ್ರು ಹದಿನಾಲ್ಕು ಮಕ್ಕಳನ್ನು ಹೊಲಕ್ಕೇ ಕರೆದುಕೊಂಡು ಬಂದರು. ಪರಿಸರ ಅಧ್ಯಯನದ ಪಿರಿಯಡ್ ಅಂತೆ. ನನ್ನ ಮಗಳ ಟೇಪು ಸಾಲದೆ ಹುಡುಗರು ಮಾರು ಹಾಕಿ ಅಳೆದರು. ಆರು ಹುಡುಗರ ಮಾರು ಆರು ಥರ ಇತ್ತು, ಜಗಳವಾಗಿ ಕೊನೆಗೆ ಒಬ್ಬನದೇ ಮಾರು ಅಂತ ತೀರ್ಮಾನ. ಕಂಬದಿಂದ ನಾಲ್ಕು ಮಾರಿನವರೆಗೆ ಹೂ ಸೊನ್ನೆ. ಆರನೇ ಮಾರಿನಲ್ಲಿ ಗಿಡಕ್ಕೆ ಎರಡು ಮೂರು ಗೊಂಚಲು. ಹತ್ತರ ಆಚೆ ಕಾಯಿಯೇ ಕಾಯಿ.

ಮಗಳ ಮುಖ ಅರಳಿತು. ಆಗ ಒಬ್ಬ ಹುಡುಗ, ಸಣಕಲು, ಕಾಲಲ್ಲಿ ಚಪ್ಪಲಿ ಇಲ್ಲ, ಅಡ್ಡಬಾಯಿ ಹಾಕಿದ.

"ಲೈಟ್ ಅಲ್ಲ ಮಿಸ್." ನನ್ನನ್ನೂ ಮಿಸ್ ಅಂದ. "ಈ ಕಂಬಕ್ಕೆ ಎಮ್ಮೆ ಕಟ್ತಾರೆ. ಸಗಣಿ ಗಂಜಲ ಎಲ್ಲ ಇಲ್ಲೇ. ಗೊಬ್ಬರ ಜಾಸ್ತಿ ಆದ್ರೆ ಎಲೆ ಬತ್ತದೆ, ಹೂ ಬರಲ್ಲ."

ಮೇಷ್ಟ್ರು ನನ್ನ ಮುಖ ನೋಡಿದರು, ನಾನು ಅಪ್ಪನ ಮುಖ. ಹುಡುಗ ಹೇಳಿದ್ದು ಸರಿಯೇ. ಗೊಬ್ಬರ ಹೆಚ್ಚಾದರೆ ಹಾಗಾಗುತ್ತದೆ, ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಆಗಸ್ಟ್‌ನಲ್ಲಿ ನಾನು ಹೇಳಿದ್ದೂ ಅದನ್ನೇ ಅಲ್ವಾ? ಯೇನಾದ ಕ್ಲಾಸಿನಲ್ಲಿ ಇಡೀ ವರ್ಷ ಯಾರೂ ಮಗಳನ್ನು ಇಷ್ಟು ಗಟ್ಟಿಯಾಗಿ ತಡೆದಿರಲಿಲ್ಲ. ಅವಳಿಗೆ ಸಿಟ್ಟು ಬಂತು. ಹುಡುಗನ ಹತ್ತಿರ ಹೋಗಿ, ಹಾಗಾದ್ರೆ ಹೆಂಗೆ ನೋಡೋದು ಅಂತ ಕೇಳಿದಳು.

ಗೋಣಿಚೀಲ ಅಂತ ತೀರ್ಮಾನವಾಯಿತು. ಕಂಬದ ಬುಡದಲ್ಲೇ ಎರಡು ಗಿಡ, ಎರಡಕ್ಕೂ ಅದೇ ಸಗಣಿ. ಒಂದಕ್ಕೆ ಮಾತ್ರ ಸಂಜೆ ಆರಕ್ಕೆ ಗೋಣಿ, ಬೆಳಿಗ್ಗೆ ಆರೂವರೆಗೆ ತೆಗೆಯುವುದು. ಗೋಣಿಯ ಡ್ಯೂಟಿ ಆ ಹುಡುಗನಿಗೇ ಬಿತ್ತು, ಮನೆ ಎದುರಿಗೇ ಇದೆ. ನಾವು ಜನವರಿ ಮೊದಲ ವಾರ ವಾಪಸ್ ಹೊರಟೆವು.

ಫೆಬ್ರವರಿಯಲ್ಲಿ ಅಪ್ಪನ ಫೋನು. ಪ್ರಯೋಗ ಹಾಳಾಯಿತಂತೆ. ನಾವು ಹೊರಟ ಮೂರನೇ ದಿನ ಬಲ್ಬ್ ಕೆಟ್ಟಿದೆ. ಯಾರೂ ಬದಲಿಸಿಲ್ಲ. ಈಗ ಗೋಣಿ ಮುಚ್ಚಿದ ಗಿಡದಲ್ಲೂ ಹೂ, ಮುಚ್ಚದ್ದರಲ್ಲೂ ಹೂ, ಕಂಬದ ಸುತ್ತ ಎಲ್ಲ ಕಡೆ ಹೂ. ಮಗಳಿಗೆ ಅಳು ಬರುವ ಹಾಗಾಯಿತು, ಮತ್ತೆ ಎಲ್ಲ ಕೆಟ್ಟಿತು ಅಂತ.

"ತಡಿಯವ್ವ, ಇಲ್ಲೊಬ್ಬ ನಿಂಗೇನೋ ಹೇಳ್ಬೇಕಂತೆ" ಅಂತ ಅಪ್ಪ ಫೋನನ್ನು ಆ ಹುಡುಗನ ಕೈಗೆ ಕೊಟ್ಟರು. ಸ್ವಲ್ಪ ಹೊತ್ತು ಬರೀ ಗಾಳಿಯ ಸದ್ದು. ಆಮೇಲೆ ಅವನ ದನಿ.

"ಎಮ್ಮೆ ಇಲ್ಲೇ ಐತೆ ಕಣೇ. ಲೈಟ್ ಹೋಯ್ತು, ಹೂ ಬಂತು."