ಡಾಲ್ಗೋ ಹಣ್ಣಿನ ಗೊಜ್ಜು

ಆಗಸ್ಟ್ ಕೊನೇ ವಾರ ಪಕ್ಕದ್ಮನೆ ಅಜ್ಜಿ ಬೇಲಿ ಹತ್ರ ಬಂದು ಕರೆದ್ರು, ಮರದ ತುಂಬ ಹಣ್ಣಿದೆ, ನನ್ನ ಕೈಲಿ ಏಣಿ ಹತ್ತಕ್ಕಾಗಲ್ಲ, ಬಂದು ಕಿತ್ಕೊಳ್ಳಿ ಅಂತ. ನಾವಿರೋದು ಕೆನಡಾದ ವಿನ್ನಿಪೆಗ್‌ನಲ್ಲಿ, ಚಳಿಗಾಲದಲ್ಲಿ ಮೈನಸ್ 30 ಡಿಗ್ರಿ ಅಂದ್ರೆ ಇಲ್ಲಿ ಯಾರೂ ಹುಬ್ಬೇರಿಸಲ್ಲ, ಅಂಗಡೀಲಿ ಸಿಗೋ ಗಾಲಾ, ಫ್ಯೂಜಿ ಜಾತಿ ಸೇಬಿನ ಮರ ಹಾಕಿದ್ರೆ ಉಳಿಯೋ ಊರಲ್ಲ ಇದು. ಅಜ್ಜಿ ಮನೇದು ಡಾಲ್ಗೋ, ಕ್ರ್ಯಾಬ್ ಆಪಲ್ ಜಾತಿ, ಅಂದ್ರೆ ಪುಟ್ಟ ಹುಳಿ ಸೇಬು. ಹಣ್ಣು ದಪ್ಪ ನೆಲ್ಲಿಕಾಯಿಯಷ್ಟೇ, ಒಂಚೂರು ಉದ್ದಕ್ಕಿರತ್ತೆ, ಕಡುಗೆಂಪು, ತೊಟ್ಟು ಸಣ್ಣಗೆ ಉದ್ದ.

ಈ ಮರದ ಮೂಲ ರಷ್ಯಾ. ಅಮೆರಿಕದ ಸೌತ್ ಡಕೋಟಾದಲ್ಲಿ ಪ್ರೊಫೆಸರ್ ಆಗಿದ್ದ ನೀಲ್ಸ್ ಹ್ಯಾನ್ಸನ್ ಅನ್ನೋರು 1897ರಲ್ಲಿ ಚಳಿ ತಡೆಯೋ ಗಿಡ ಹುಡುಕ್ಕೊಂಡು ಅಲ್ಲಿಗೆ ಹೋಗಿದ್ರು, ಅಲ್ಲಿಂದ ಬಂದ ಬೀಜದಲ್ಲಿ ಹುಟ್ಟಿದ್ದು ಡಾಲ್ಗೋ, 1917ರಲ್ಲಿ ಜನರ ಕೈಗೆ ಬಂತು. ಆಮೇಲೆ ನಮ್ಮ ಮ್ಯಾನಿಟೋಬಾ ಪ್ರಾಂತ್ಯದ ಮಾರ್ಡನ್ ಊರಲ್ಲಿ ಇದನ್ನ ಹರಾಲ್ಸನ್ ಸೇಬಿನ ಜೊತೆ ಕ್ರಾಸ್ ಮಾಡಿ ಕೆರ್ ಅನ್ನೋ ತಳಿ ತೆಗೆದ್ರು. ಒಬ್ರು ದೇಶ ಸುತ್ತಿ ತಂದ ಬೀಜದಿಂದ ಇಂಥ ಚಳಿ ಊರುಗಳ ಹಿತ್ತಲಲ್ಲಿ ಹಣ್ಣು ಬಿಡ್ತಿದೆ ಅಂದ್ರೆ ನಂಗೆ ಅದು ತುಂಬಾ ದೊಡ್ಡ ಕೆಲಸ ಅನ್ಸತ್ತೆ.

ಹಣ್ಣಾದ್ಮೇಲೆ ಡಾಲ್ಗೋ ಮರದಲ್ಲಿ ಜಾಸ್ತಿ ದಿನ ನಿಲ್ಲಲ್ಲ, ಕೊಂಬೆ ಮುಟ್ಟಿದ್ರೆ ಉದುರತ್ತೆ, ಅದಕ್ಕೆ ಕೆಳಗೆ ಹಳೇ ಬೆಡ್‌ಶೀಟ್ ಹಾಸಿ ನಾನು ಏಣಿ ಮೇಲಿಂದ ಕೀಳ್ತಿದ್ದೆ, ಹೆಂಡತಿ ಕೆಳಗೆ ಆರಿಸ್ತಿದ್ಲು. ಹಾಗೇ ಕಚ್ಚಿದ್ರೆ ಹಲ್ಲು ಜುಂ ಅನ್ನೋವಷ್ಟು ಹುಳಿ, ಒಗರು, ಅದಕ್ಕೇ ಇಲ್ಲಿ ಎಷ್ಟೋ ಮನೇಲಿ ಹಕ್ಕಿಗಳಿಗೆ ಬಿಟ್ಬಿಡ್ತಾರೆ, ನೋಡಿದ್ರೆ ಹೊಟ್ಟೆ ಉರಿಯತ್ತೆ.

ಅಜ್ಜಿ ಜೆಲ್ಲಿ ಮಾಡೋದು ಹೇಳಿಕೊಟ್ರು. ಸಿಪ್ಪೆ ತೆಗೀದೆ ಎರಡು ಹೋಳು ಮಾಡಿ, ಮುಳುಗೋವಷ್ಟು ನೀರಲ್ಲಿ ಮೆತ್ತಗೆ ಬೇಯಿಸಿ, ಬಟ್ಟೇಲಿ ಕಟ್ಟಿ ರಾತ್ರಿಯಿಡೀ ನೇತು ಹಾಕ್ಬೇಕು, ಹಿಂಡಬಾರದು, ಹಿಂಡಿದ್ರೆ ರಸ ಕದಡಿದ ಹಾಗಾಗತ್ತೆ. ಬೆಳಿಗ್ಗೆ ನೋಡಿದ್ರೆ ಪಾತ್ರೇಲಿ ಮಾಣಿಕ್ಯದ ಬಣ್ಣ! ಸಕ್ಕರೆ ಹಾಕಿ ಕಾಯಿಸಿ, ತಣ್ಣಗಿರೋ ತಟ್ಟೆಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ತಳ್ಳಿದಾಗ ಸುಕ್ಕು ಬಿದ್ರೆ ಪಾಕ ಬಂತು ಅಂತ. ಜೆಲ್ಲಿ ಗಟ್ಟಿ ಮಾಡೋ ಪೆಕ್ಟಿನ್ ಹಣ್ಣಲ್ಲೇ ಬೇಕಾದಷ್ಟಿದೆ, ಹೊರಗಿಂದ ಹಾಕೋದೇ ಬೇಡ.

ಮಿಕ್ಕ ಹಣ್ಣು ನೋಡಿ ತುಮಕೂರಲ್ಲಿರೋ ಅಮ್ಮಂಗೆ ವಿಡಿಯೋ ಕಾಲ್ ಮಾಡಿದ್ವಿ. "ಹುಳಿ ಇದ್ಯಲ್ಲಪ್ಪ, ಇನ್ನೇನು ಬೇಕು, ಗೊಜ್ಜು ಮಾಡ್ರೋ" ಅಂದ್ಲು. ಬೀಜ ತೆಗ್ದು ಹೆಚ್ಚಿ, ಉಪ್ಪು, ಬೆಲ್ಲ, ಮೆಣಸಿನಪುಡಿ ಹಾಕಿ ಕುದಿಸಿ, ಎಣ್ಣೇಲಿ ಸಾಸಿವೆ ಇಂಗು ಒಗ್ಗರಣೆ ಕೊಟ್ವಿ. ಹುಣಸೇಹಣ್ಣು ನೆನಪಿಗೇ ಬರಲಿಲ್ಲ. ಅಜ್ಜಿಗೂ ಒಂದು ಬಾಟಲ್ ಕೊಟ್ವಿ, ಚೀಸ್ ಜೊತೆ ತಿಂದ್ರಂತೆ.

ಮುಂದಿನ ವಸಂತಕ್ಕೆ ನಮ್ಮ ಹಿತ್ತಲಲ್ಲೂ ಒಂದು ಡಾಲ್ಗೋ ನೆಡೋದು ಅಂತ ಆಗಿದೆ, ಜಾಗ ಹೆಂಡತಿ ಆಗಲೇ ಗುರುತು ಮಾಡಿದ್ದಾಳೆ, ಅಡುಗೆಮನೆ ಕಿಟಕಿ ಎದುರಿಗೆ, ಕಾರ್ ನಿಲ್ಸೋ ಜಾಗದಿಂದ ದೂರ.