ಬೋವೆಯ ಅರ್ಧ ಚರ್ಚು

ಹಳೇ ಚರ್ಚುಗಳ ಫೋಟೋ ಸಿಕ್ಕರೆ ಎಲ್ಲರ ಕಣ್ಣೂ ಮೊದಲು ಗೋಪುರಕ್ಕೆ ಹೋಗುತ್ತದೆ. ನಾನು ನೋಡುವುದು ಗೋಡೆಯನ್ನು. ಕಿಟಕಿ ಇರುವ ಕಡೆ ಅದು ಎಷ್ಟು ದಪ್ಪ ಇದೆ ಅಂತ ಗಮನಿಸಿದರೆ ಸಾಕು, ಯಾವ ಕಾಲದ್ದು ಅಂತ ಸುಮಾರಾಗಿ ಹೇಳಿಬಿಡಬಹುದು.

ಕಲ್ಲಿನ ಕಮಾನು ಚಾವಣಿಯ ಭಾರ ಬರೀ ಕೆಳಗೆ ಇಳಿಯುವುದಿಲ್ಲ, ಗೋಡೆಯನ್ನು ಹೊರಗೂ ನೂಕುತ್ತದೆ. ಅರ್ಧ ವೃತ್ತದ ಕಮಾನಿನಲ್ಲಿ ಈ ನೂಕು ಇನ್ನೂ ಜಾಸ್ತಿ. ಅದಕ್ಕೇ 11ನೇ ಶತಮಾನದ ರೋಮನೆಸ್ಕ್ ಚರ್ಚುಗಳಿಗೆ ಕೋಟೆಯಂಥ ಗೋಡೆ, ಸಣ್ಣ ಕಿಟಕಿ, ಒಳಗೆ ಕತ್ತಲು. 1144ರಲ್ಲಿ ಪ್ಯಾರಿಸ್ ಪಕ್ಕದ ಸೇಂಟ್ ಡೆನಿಯಲ್ಲಿ ಮಠದ ಮುಖ್ಯಸ್ಥ ಸುಜೇ ಕಟ್ಟಿಸಿದ ಹೊಸ ಭಾಗ ಬೇರೆಯೇ ತರ ಇತ್ತು, ಗಾಥಿಕ್ ಅನ್ನುವ ಶೈಲಿ ಶುರುವಾದದ್ದು ಅಲ್ಲಿಂದ. ಚೂಪು ಕಮಾನು, ಚಾವಣಿಗೆ ಪಕ್ಕೆಲುಬಿನಂತೆ ಕಲ್ಲಿನ ಪಟ್ಟಿ, ಗೋಡೆ ಇರಬೇಕಾದ ಕಡೆ ಬಣ್ಣದ ಗಾಜು. ಆಮೇಲೆ ಹೊರಗಿನಿಂದ ಓರೆಯಾಗಿ ಕಲ್ಲಿನ ತೋಳು ಆನಿಸುವುದನ್ನೂ ಕಲಿತರು, ಫ್ಲೈಯಿಂಗ್ ಬಟ್ರೆಸ್ ಅನ್ನುತ್ತಾರಲ್ಲ, ಅದು. ಗೋಡೆಗೆ ಹೊರುವ ಕೆಲಸವೇ ಕಡಿಮೆಯಾಯಿತು. ಇಷ್ಟಾದ ಮೇಲೆ ಎತ್ತರಕ್ಕೆ ಪೈಪೋಟಿ ಶುರುವಾಗದೆ ಇರುತ್ತದಾ?

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಉತ್ತರ ಫ್ರಾನ್ಸಿನ ಬೋವೆ ಊರಿನ ದೊಡ್ಡ ಚರ್ಚು. 1225ರಲ್ಲಿ ಶುರು ಮಾಡಿದರು. ಒಳಗಿನ ಚಾವಣಿ ಸುಮಾರು 48 ಮೀಟರ್ ಎತ್ತರ, ಗಾಥಿಕ್ ಚರ್ಚುಗಳಲ್ಲೇ ಅದಕ್ಕಿಂತ ಎತ್ತರದ್ದು ಇಲ್ಲ. 1272ರಲ್ಲಿ ಪೂಜಾಸ್ಥಾನದ ಭಾಗ ಮುಗಿಯಿತು, 1284ರಲ್ಲಿ ಅದರ ಚಾವಣಿ ಕುಸಿಯಿತು. ಹನ್ನೆರಡೇ ವರ್ಷ! ಅವರು ಎತ್ತರ ಮಾತ್ರ ಇಳಿಸಲಿಲ್ಲ. ಇದ್ದ ಕಂಬಗಳ ನಡುನಡುವೆ ಹೊಸ ಕಂಬ ನಿಲ್ಲಿಸಿ ಅಷ್ಟೇ ಎತ್ತರಕ್ಕೆ ಮತ್ತೆ ಕಟ್ಟಿದರು. ಒಳಗಿನ ಫೋಟೋ ದೊಡ್ಡದು ಮಾಡಿ ನೋಡಿ, ಕಂಬಗಳು ಒತ್ತೊತ್ತಾಗಿ ನಿಂತಿವೆ, ಕಮಾನುಗಳು ಇಕ್ಕಟ್ಟಾಗಿ ಮೇಲಕ್ಕೆ ಎಳೆದ ಹಾಗಿವೆ. ಸುಮ್ನೆ ಅಂದಕ್ಕೆ ಮಾಡಿದ್ದಲ್ಲ ಅದು, ಬಿದ್ದ ಗಾಯಕ್ಕೆ ಹಾಕಿದ ಹೊಲಿಗೆ.

ಜನ ಕೂರುವ ಉದ್ದನೆಯ ಭಾಗ ಇನ್ನೂ ಕಟ್ಟಿರಲೇ ಇಲ್ಲ, ಅಷ್ಟರಲ್ಲಿ ನಟ್ಟನಡುವೆ 153 ಮೀಟರ್ ಗೋಪುರ ಏರಿಸಿದರು. 1569ರಲ್ಲಿ ಮುಗಿಯಿತು. ಅದನ್ನು ಹೊತ್ತ ಕಂಬಗಳಿಗೆ ಮೂರು ಕಡೆ ಆಸರೆ ಇತ್ತು, ಪಶ್ಚಿಮಕ್ಕೆ ಏನೂ ಇರಲಿಲ್ಲ. 1573ರಲ್ಲಿ ಯೇಸುವಿನ ಸ್ವರ್ಗಾರೋಹಣ ಹಬ್ಬದ ದಿನ ಗೋಪುರ ಕೆಳಗೆ ಬಂತು. ಮತ್ತೆ ಅದನ್ನು ಕಟ್ಟಲೇ ಇಲ್ಲ.

1960ರ ದಶಕದಲ್ಲಿ ಇನ್ನೊಂದು ಯಡವಟ್ಟು. ಹೊರಗಿನ ಆಸರೆಗಳ ನಡುವಿನ ಹಳೇ ಕಬ್ಬಿಣದ ಸರಳುಗಳು ಚೆನ್ನಾಗಿ ಕಾಣಲ್ಲ ಅಂತ ತೆಗೆದರು. ಗಾಳಿಗೆ ಕಟ್ಟಡದ ಓಲಾಟ ಜಾಸ್ತಿಯಾಗಿ ಸರಳು ವಾಪಸ್ ಹಾಕಬೇಕಾಯಿತು. ಈಗ ಒಳಗೆ ದಪ್ಪ ಮರದ ಆಸರೆಗಳನ್ನೂ ಕೊಟ್ಟಿದ್ದಾರೆ. ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಆ ಉದ್ದನೆಯ ಭಾಗ ಇವತ್ತಿಗೂ ಇಲ್ಲ. ಆ ಜಾಗದಲ್ಲಿ 10ನೇ ಶತಮಾನದ ಪುಟ್ಟ ಚರ್ಚಿನ ಒಂದು ತುಂಡು ಉಳಿದಿದೆ. ಹೊಸದು ಬೆಳೆದ ಹಾಗೆ ಇದನ್ನು ಕೆಡವುತ್ತ ಬಂದಿದ್ದರು, ಕೆಲಸ ನಿಂತಿತು, ಇದು ಉಳಿಯಿತು. ಆ ದೈತ್ಯನ ಕಾಲ ಬುಡದಲ್ಲಿ, ದಪ್ಪ ಗೋಡೆ, ಸಣ್ಣ ಕಿಟಕಿ, ಮರದ ಚಾವಣಿ.